ತೆರೆದ ಪುಟ್ಟ ಕಾರು: ಗಾಳಿಯ ಎಳೆತ ಮತ್ತು ಮೈಲೇಜಿನ ಲೆಕ್ಕ

ಕಾರವಾರದಿಂದ ಅಂಕೋಲೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗ ಏರಿದಂತೆಲ್ಲ ಗಾಳಿಯ ಎಳೆತ, ಎಂದರೆ ಚಲಿಸುವ ಕಾರನ್ನು ಗಾಳಿ ಹಿಂದಕ್ಕೆ ತಡೆಯುವ ಬಲ, ಇಂಧನವನ್ನು ತಿನ್ನತೊಡಗಿದರೆ, ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತುವ ಹೆದ್ದಾರಿ 52ರಲ್ಲಿ ಕಾರಿನ ತೂಕವೇ ಮೈಲೇಜನ್ನು ನಿರ್ಧರಿಸುತ್ತದೆ. ಮೇಲ್ಛಾವಣಿ ತೆರೆಯಬಲ್ಲ ಪುಟ್ಟ ಸ್ಪೋರ್ಟ್ಸ್ ಕಾರುಗಳ ವಿನ್ಯಾಸಕರು ಬಹುಕಾಲ ಎರಡನೆಯದನ್ನಷ್ಟೇ ಗಂಭೀರವಾಗಿ ಪರಿಗಣಿಸಿದರು.

ಜೆಪ್ಪೆಲಿನ್ ವಾಯುನೌಕೆಗಳ ಎಂಜಿನಿಯರ್ ಪಾಲ್ ಯಾರೈ 1920ರ ದಶಕದಲ್ಲಿಯೇ ಹನಿಯಾಕಾರದ ಕಾರುಗಳನ್ನು ರೂಪಿಸಿದ್ದರು. ಉದ್ದನೆಯ ಬಾಲವನ್ನು ನಡುವೆಯೇ ಕತ್ತರಿಸಿದರೂ ಲಾಭದ ಬಹುಪಾಲು ಉಳಿಯುತ್ತದೆಂಬುದನ್ನು 1930ರ ದಶಕದಲ್ಲಿ ವುನಿಬಾಲ್ಡ್ ಕಾಮ್ ಅವರ ಸಂಶೋಧನೆ ತೋರಿಸಿತು. ಆದರೆ ಈ ಜ್ಞಾನ ಮುಚ್ಚಿದ ಕಾರುಗಳಿಗೆ ಒದಗಿದಷ್ಟು ಸುಲಭವಾಗಿ ತೆರೆದ ಕಾರುಗಳಿಗೆ ಒದಗಲಿಲ್ಲ. ಮುಂಗಾಜಿನ ಮೇಲಂಚಿನಲ್ಲಿ ಬೇರ್ಪಟ್ಟ ಗಾಳಿ ಆಸನಗಳ ಹಿಂದೆ ಇಳಿದು, ಸುತ್ತಿ, ಮುಂದಕ್ಕೆ ಮರಳುತ್ತದೆ. ಹೀಗಾಗಿ ಕಾರು ಮುಂದೆ ಓಡುತ್ತಿದ್ದರೂ ಕುಳಿತವರ ಕೂದಲು ಹಿಂದಿನಿಂದ ಮುಖದ ಮೇಲೆ ಬೀಳುತ್ತದೆ. ಈ ಸುಳಿಯನ್ನು ಸೃಷ್ಟಿಸುವ ಶಕ್ತಿಯನ್ನೂ ಎಂಜಿನ್ನೇ ಒದಗಿಸಬೇಕು.

ಎಳೆತದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 60 ಕಿ.ಮೀ. ಬದಲು 90ರಲ್ಲಿ ಓಡಿದಾಗ ಪ್ರತಿ ಕಿಲೋಮೀಟರಿಗೆ ಗಾಳಿಯ ವಿರುದ್ಧ ವ್ಯಯವಾಗುವ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 1962ರ ಲೋಟಸ್ ಎಲಾನ್ ನಾರುಗಾಜಿನ ಹಗುರ ಮೈಯಿಂದ ಮಿತವ್ಯಯ ಸಾಧಿಸಿತು. 1989ರ ಮರ್ಸಿಡಿಸ್ ಎಸ್‌ಎಲ್ ಕಾರಿಗೆ ಬಂದ, ಆಸನದ ಹಿಂದೆ ನಿಲ್ಲುವ ಬಲೆಯ ಗಾಳಿತಡೆಯಾದರೋ ಮೊದಲಿಗೆ ಪ್ರಯಾಣಿಕರ ಸುಖಕ್ಕಾಗಿಯೇ ಹುಟ್ಟಿದ್ದು.

ಕರ್ನಾಟಕದ ಮಟ್ಟಿಗೆ, ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ 1998ರಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಈ ಹಗುರತನದ ಪರಂಪರೆಗೇ ಸೇರಿದೆ: ಎರಡು ಆಸನ, ನಾರುಗಾಜಿನ ಮೈ, ಸುಮಾರು 60 ಅಶ್ವಶಕ್ತಿಯ 1.2 ಲೀಟರ್ ರೆನೋ ಎಂಜಿನ್. ಉಪ್ಪುಗಾಳಿಯ ಊರಿನಲ್ಲಿ ಇಂಥ ಮೈಗೆ ತುಕ್ಕಿನ ಭಯವಿಲ್ಲವೆಂಬುದು ಬೇರೆಯೇ ಅನುಕೂಲ. 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬೆಂಗಳೂರಿನ ರೇವಾ ಕಂಪನಿ ತೋರಿಸಿದ, ದಿಲೀಪ್ ಛಾಬ್ರಿಯಾ ವಿನ್ಯಾಸದ ಎರಡಾಸನದ ಎನ್‌ಎಕ್ಸ್‌ಜಿ ವಿದ್ಯುತ್ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಬ್ಯಾಟರಿಯ ಸೀಮಿತ ಶಕ್ತಿಯಲ್ಲಿ ದೂರ ಕ್ರಮಿಸಬೇಕಾದ ಇಂಥ ವಾಹನಕ್ಕೇ ಗಾಳಿಯ ಲೆಕ್ಕ ಹೆಚ್ಚು ಮುಖ್ಯವಾಗಿತ್ತು.

ಇಂದು ಕಾರಿನ ತಳವನ್ನು ಚಪ್ಪಟೆ ಹಲಗೆಗಳಿಂದ ಮುಚ್ಚುವುದು, ಡಿಕ್ಕಿಯ ಅಂಚನ್ನು ಚೂಪಾಗಿಸಿ ಗಾಳಿ ಅಲ್ಲಿಯೇ ಬಿಟ್ಟುಹೋಗುವಂತೆ ಮಾಡುವುದು ರೂಢಿಯಲ್ಲಿವೆ. ಮಡಚುವ ಲೋಹದ ಮೇಲ್ಛಾವಣಿ ಮುಚ್ಚಿದಾಗ ಆಕಾರವನ್ನು ಸ್ಥಿರವಾಗಿಡುತ್ತದೆ, ಆದರೆ ಅದರ ತೂಕದ ಬೆಲೆಯನ್ನು ಅರಬೈಲ್ ಏರಿನಲ್ಲಿ ತೆರಬೇಕಾಗುತ್ತದೆ. ಬಟ್ಟೆಯ ಟಾಪು ಹಗುರ. ಆದರೂ ವೇಗದಲ್ಲಿ ಅದರ ಮೇಲೆ ಒತ್ತಡ ಕುಸಿದು ಬಟ್ಟೆ ಉಬ್ಬಿ ಎಳೆತ ಹೆಚ್ಚಬಹುದಾದ್ದರಿಂದ, ಒಳಗೆ ಹೆಚ್ಚುವರಿ ಅಡ್ಡಪಟ್ಟಿಗಳನ್ನು ಕೊಟ್ಟು ಅದನ್ನು ಬಿಗಿಗೊಳಿಸಲಾಗುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಟಾಪು ಏರಿಸಿಯೇ ಓಡಿಸಬೇಕಾದ ಕಾರವಾರದಂಥ ಕಡೆ ಮುಂಗಾಜಿಗೆ ಜೋಡಿಸುವ ಯಾವ ಅಲಂಕಾರಕ್ಕಿಂತಲೂ ಆ ಬಿಗಿತಕ್ಕೇ ಹೆಚ್ಚು ಗಮನ ಸಲ್ಲಬೇಕು.