ಶಿವಗಂಗೆಯ ಶಾಂತಲೆ: ಶಾಸನ, ಐತಿಹ್ಯ ಮತ್ತು ಶಾಲೆಯ ಪಠ್ಯಕ್ರಮ

ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯ ಶಿವಗಂಗೆ ಹೆಸರಾಂತ ಶೈವಕ್ಷೇತ್ರ. ಗಂಗಾಧರೇಶ್ವರ ಮತ್ತು ಹೊನ್ನಾದೇವಿಯರ ಗುಡಿಗಳು, ಪಾತಾಳಗಂಗೆ, ಒಳಕಲ್ಲು ತೀರ್ಥ ಇವೆಲ್ಲ ಭಕ್ತರಿಗೆ ಪರಿಚಿತ. ಇದೇ ಬೆಟ್ಟ ಜೈನ ಚರಿತ್ರೆಯಲ್ಲಿಯೂ ಮುಖ್ಯವಾದುದು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ, ಜಿನಭಕ್ತೆ ಶಾಂತಲದೇವಿ ಕ್ರಿ.ಶ. 1131ರಲ್ಲಿ ದೇಹವಿಟ್ಟದ್ದು ಇಲ್ಲಿಯೇ. ಶೈಕ್ಷಣಿಕ ಪ್ರವಾಸಕ್ಕೆಂದು ಇಲ್ಲಿಗೆ ಬರುವ ಶಾಲಾಮಕ್ಕಳಿಗೆ ಬೆಟ್ಟದ ಮೇಲಿನ ಒಂದು ಕಡಿದಾದ ಅಂಚನ್ನು ‘ಶಾಂತಲಾ ಡ್ರಾಪ್’ ಎಂದು ತೋರಿಸಲಾಗುತ್ತದೆ. ಮಕ್ಕಳಿಲ್ಲದ ಕೊರಗಿನಿಂದ ರಾಣಿ ಅಲ್ಲಿಂದ ಧುಮುಕಿದಳೆಂಬುದು ಜನಜನಿತವಾದ ಕಥೆ. ಶಾಸನ ಹಾಗೆ ಹೇಳುವುದಿಲ್ಲ.

ಶಾಸನವೊಂದು, ಐತಿಹ್ಯವೊಂದು, ಪಠ್ಯಪುಸ್ತಕದಲ್ಲಿ ಎರಡು ವಾಕ್ಯ. ಇವುಗಳ ನಡುವೆ ನಿಂತಿರುವವನು ಶಾಲೆಯ ಅಧ್ಯಾಪಕ. ಪಠ್ಯಕ್ರಮವನ್ನು ರೂಪಿಸುವುದು, ಬೋಧಿಸುವುದು, ಮೌಲ್ಯಮಾಪನ ಮಾಡುವುದು ಎಂಬ ಮೂರು ಕಾರ್ಯಗಳನ್ನು ನಾವು ಸಾಮಾನ್ಯವಾಗಿ ಮೂರು ಬೇರೆ ಬೇರೆ ಅಧಿಕಾರಗಳಿಗೆ ಹಂಚಿಬಿಡುತ್ತೇವೆ. ವಾಸ್ತವದಲ್ಲಿ ಈ ಮೂರೂ ಕೂಡುವುದು ತರಗತಿಯಲ್ಲಿ. ಶಿವಗಂಗೆಯ ಈ ಒಂದು ಪ್ರಸಂಗದ ಮೂಲಕ ಆ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಳ್ಳಿಗಾವೆಯ ಪಟ್ಟಿ

ಕನ್ನಡ ನಾಡಿನಲ್ಲಿ ಪಠ್ಯಕ್ರಮದ ಚರಿತ್ರೆ ಆಧುನಿಕ ಶಾಲೆಗಳಿಂದ ಆರಂಭವಾಗುವುದಿಲ್ಲ. ಬಳ್ಳಿಗಾವೆಯ ಕೋಡಿಯಮಠದ ಕ್ರಿ.ಶ. 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವಿದ್ಯಾಭ್ಯಾಸದ ವಿಷಯಗಳನ್ನು ಸಾಲಾಗಿ ಹೇಳುತ್ತದೆ: ನಾಲ್ಕು ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧವೇ ಮೊದಲಾದ ದರ್ಶನಗಳು, ಲಾಕುಲ ಸಿದ್ಧಾಂತ, ಯೋಗ, ಪುರಾಣ, ಕಾವ್ಯ, ನಾಟಕ. ಈ ಪಟ್ಟಿಯಲ್ಲಿ ಗಮನಾರ್ಹವಾದ ಒಂದು ಹೆಸರಿದೆ. ಕೌಮಾರ, ಪಾಣಿನೀಯಗಳ ಜೊತೆಯಲ್ಲಿಯೇ ಶಾಕಟಾಯನ ಶಬ್ದಾನುಶಾಸನವೂ ಬರುತ್ತದೆ. ಶಾಕಟಾಯನನು ಅಮೋಘವರ್ಷ ನೃಪತುಂಗನ ಕಾಲದ ಜೈನ ವೈಯಾಕರಣ. ಕೋಡಿಯಮಠವೋ ಕಾಳಾಮುಖ ಶೈವರದು. ಶೈವಮಠವೊಂದು ಜೈನಾಚಾರ್ಯನ ವ್ಯಾಕರಣವನ್ನು ತನ್ನ ಪಠ್ಯದೊಳಗೆ ಇರಿಸಿಕೊಂಡಿತ್ತು. ಜೊತೆಗೆ ಬೇರೆ ಬೇರೆ ಪಂಥಗಳ ಭಿಕ್ಷುಗಳಿಗೂ ಕ್ಷಪಣಕರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ಈ ಶಾಸನ ಶಾಂತಲೆಯ ಮರಣಕ್ಕಿಂತ ಕೇವಲ ಮೂವತ್ತೊಂದು ವರ್ಷ ಈಚಿನದು. ಜೈನ ರಾಣಿಯೊಬ್ಬಳು ಶೈವತೀರ್ಥದಲ್ಲಿ ಕೊನೆಯುಸಿರೆಳೆದುದು ಆ ಕಾಲದ ಜನಕ್ಕೆ ಏಕೆ ಒಗಟಾಗಿ ಕಾಣಲಿಲ್ಲ ಎಂಬುದಕ್ಕೆ ಇಂಥ ಪರಿಸರವೇ ಉತ್ತರ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ಬಳ್ಳಿಗಾವೆಯ ಶಾಸನ ಏನನ್ನು ಕಲಿಸುತ್ತಿದ್ದರು ಎಂಬುದನ್ನು ಮಾತ್ರ ಹೇಳುತ್ತದೆ. ಹೇಗೆ ಕಲಿಸುತ್ತಿದ್ದರು, ಕಲಿತದ್ದನ್ನು ಹೇಗೆ ಅಳೆಯುತ್ತಿದ್ದರು ಎಂಬ ಬಗ್ಗೆ ಅದು ಮೌನ. ಪಠ್ಯಕ್ರಮವೆಂದರೆ ವಿಷಯಗಳ ಪಟ್ಟಿ ಎಂಬ ಭಾವನೆ ನಮ್ಮಲ್ಲಿ ಇಂದಿಗೂ ಉಳಿದಿದೆ.

ಕೂಲಿಮಠದ ಓದು

ಬೋಧನೆ ಮತ್ತು ಪರೀಕ್ಷೆಯ ಬಗ್ಗೆ ವಿವರವಾದ ಸಾಕ್ಷ್ಯ ದೊರೆಯುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಡೆಸಿದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಸಲ್ಲಿಸಿದ. ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಐದು ವರ್ಷದ ಮಗು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮುಂದೆ ಕಡತದ ಮೇಲೆ ಬರೆಯುವುದು, ಮುಂದಿರುವ ಹುಡುಗರು ಹಿಂದಿರುವವರಿಗೆ ಪಾಠ ಹೇಳುವುದು, ಮಗ್ಗಿ ಒಪ್ಪಿಸುವುದು ಎಲ್ಲವನ್ನೂ ಅವನು ದಾಖಲಿಸಿದ್ದಾನೆ.

ಈ ಶಾಲೆಗಳ ಅಗ್ಗದ ಮತ್ತು ಅಚ್ಚುಕಟ್ಟಾದ ಪದ್ಧತಿಯನ್ನು ಮೆಚ್ಚಿದ ಕ್ಯಾಂಪ್‌ಬೆಲ್ ಒಂದು ಕೊರತೆಯನ್ನು ಒತ್ತಿ ಹೇಳುತ್ತಾನೆ. ಓದುವ ಗ್ರಂಥಗಳು ಪದ್ಯದಲ್ಲಿದ್ದವು. ಆ ಭಾಷೆ ಆಡುಮಾತಿಗಿಂತ ತೀರ ಬೇರೆ. ಮಕ್ಕಳು ಅವುಗಳನ್ನು ಬಾಯಿಪಾಠ ಮಾಡುತ್ತಿದ್ದರೇ ಹೊರತು ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಅನೇಕ ವೇಳೆ ಉಪಾಧ್ಯಾಯರಿಗೂ ತಿಳಿಯುತ್ತಿರಲಿಲ್ಲ. ವಸಾಹತು ಅಧಿಕಾರಿಯ ಈ ಮಾತಿನಲ್ಲಿ ಪೂರ್ವಗ್ರಹ ಇದ್ದಿರಬಹುದು. ಆದರೂ ಮುಖ್ಯವಾದ ಒಂದು ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ. ಒಪ್ಪಿಸುವುದೇ ಪರೀಕ್ಷೆಯಾದಾಗ ಬಾಯಿಪಾಠವೇ ಪಠ್ಯಕ್ರಮವಾಗುತ್ತದೆ. ಕಾಗದದ ಮೇಲೆ ಪಠ್ಯ ಏನೇ ಇರಲಿ, ಕೊನೆಯಲ್ಲಿ ಕೇಳುವ ಪ್ರಶ್ನೆ ಯಾವುದೋ ಅದೇ ನಿಜವಾದ ಪಠ್ಯ.

ರೈಸ್: ಹೋಬಳಿ ಶಾಲೆಯೂ ಶಾಸನವೂ

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಅದರ ಕೆಲಸವನ್ನು ಹಳ್ಳಿಗಳಿಗೆ ಒಯ್ದದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಇದರ ಕರ್ತೃ ಬೆಂಜಮಿನ್ ಲೂಯಿಸ್ ರೈಸ್ (1837–1927). ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಮೊದಲು ಅಧ್ಯಾಪಕ, ಆಮೇಲೆ ಶಾಲಾ ತನಿಖಾಧಿಕಾರಿ, ಅನಂತರ ವಿದ್ಯಾ ಇಲಾಖೆಯ ನಿರ್ದೇಶಕ. ಹೋಬಳಿಗೊಂದು ಶಾಲೆ ಇರಬೇಕು, ಅಲ್ಲಿ ಕನ್ನಡದಲ್ಲಿ ಓದು, ಬರಹ, ಲೆಕ್ಕಗಳನ್ನು ಕಲಿಸಬೇಕು, ಅದಕ್ಕಾಗಿ ಉಪಾಧ್ಯಾಯರಿಗೆ ತರಬೇತಿ ನೀಡಬೇಕು ಎಂಬುದು ಯೋಜನೆಯ ತಿರುಳು.

ಶಾಲೆಗಳ ತನಿಖೆಗಾಗಿ ಊರೂರು ತಿರುಗುವಾಗಲೇ ರೈಸ್ ಕಲ್ಲುಬರಹಗಳತ್ತ ಆಕರ್ಷಿತನಾದ. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟ, 1905ರಲ್ಲಿ ನೆಲಮಂಗಲವನ್ನೂ ಒಳಗೊಂಡ ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ ಹೊರಬಂದವು. ಶಾಂತಲೆಯ ಮರಣವನ್ನು ತಿಳಿಸುವ ಶಾಸನ 1889ರ ಸಂಪುಟದಲ್ಲಿ 53ನೆಯದು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಆವೃತ್ತಿಯಲ್ಲಿ 143ನೆಯದು.

ಇಲ್ಲೊಂದು ವಿಚಿತ್ರ ಸನ್ನಿವೇಶವಿದೆ. ಶಿವಗಂಗೆಯ ಸೀಮೆಯ ಹಳ್ಳಿಮಕ್ಕಳಿಗೆ ಹೋಬಳಿ ಶಾಲೆಯನ್ನು ಕಲ್ಪಿಸಿದವನೂ, ಶಿವಗಂಗೆಯಲ್ಲಿ ಶಾಂತಲೆ ಮಡಿದ ಸಂಗತಿಯನ್ನು ಲೋಕಕ್ಕೆ ತಿಳಿಸಿದವನೂ ಒಬ್ಬನೇ. ಆದರೆ ಆತನ ಈ ಎರಡು ಕೆಲಸಗಳು ಒಂದನ್ನೊಂದು ಮುಟ್ಟಲಿಲ್ಲ. ಶಾಸನಗಳು ವಿದ್ವಾಂಸರ ಕಪಾಟು ಸೇರಿದವು. ಶಾಲೆಯಲ್ಲಿ ಓದು, ಬರಹ, ಲೆಕ್ಕ ಉಳಿದವು. ರೈಸ್ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಪ್ರಕಟಿಸಿದ ಪಂಪಭಾರತವು ಕನ್ನಡ ಎಂ.ಎ. ತರಗತಿಗಳವರೆಗೆ ಬಂದಿತು. ಅವನು ಓದಿದ ಕಲ್ಲುಗಳು ಮಾತ್ರ ಆ ಕಲ್ಲುಗಳಿರುವ ಊರಿನ ಶಾಲೆಯನ್ನು ತಲುಪಲಿಲ್ಲ. ಆ ತೆರವನ್ನು ತುಂಬಿದ್ದು ಕಾದಂಬರಿ, ನಾಟಕ ಮತ್ತು ಪ್ರವಾಸಿ ಮಾರ್ಗದರ್ಶಿಗಳ ಮಾತು.

ಶಾಸನ ಹೇಳುವುದು, ಹೇಳದಿರುವುದು

ಶಾಂತಲೆ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದ್ದು 1123ರಲ್ಲಿ. ಅದರ ಸಮೀಪದಲ್ಲಿರುವ ಶಾಸನದ ಪ್ರಕಾರ ಶಕವರ್ಷ 1053, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರದಂದು ಆಕೆ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳು. ಮಗಳ ಅಗಲಿಕೆಯ ತರುವಾಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಗುರುಗಳ ಸನ್ನಿಧಿಯಲ್ಲಿ ಸಂನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಉಪವಾಸದಿಂದ ಮುಡಿಪಿದಳು.

ಇಲ್ಲಿ ಮೂರು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಶಾಂತಲೆಯ ಮರಣದ ಸ್ಥಳ ಮತ್ತು ಕಾಲ ಶಾಸನಸಿದ್ಧ. ಎರಡನೆಯದು, ಮರಣದ ಬಗೆ. ತಾಯಿಯ ವಿಷಯದಲ್ಲಿ ಸಂನ್ಯಸನವನ್ನು ಸ್ಪಷ್ಟವಾಗಿ ಹೇಳುವ ಶಾಸನ, ಮಗಳ ವಿಷಯದಲ್ಲಿ ‘ಮುಡಿಪಿ’ ಎಂದಷ್ಟೇ ಹೇಳುತ್ತದೆ. ‘ಮುಡಿಪು’ ಧಾತುವು ನಿಸಿಧಿ ಶಾಸನಗಳಲ್ಲಿ ಸಮಾಧಿಮರಣದ ಸಂದರ್ಭದಲ್ಲಿ ಮತ್ತೆ ಮತ್ತೆ ಬರುವಂಥದು. ಆದ್ದರಿಂದ ಶಾಂತಲೆಯದೂ ಸಲ್ಲೇಖನವೇ ಎಂದು ಊಹಿಸಲು ಬಲವಾದ ಆಧಾರವಿದೆ. ಆದರೆ ಅದು ಊಹೆಯೇ ಹೊರತು ಶಾಸನದ ಹೇಳಿಕೆಯಲ್ಲ. ಮೂರನೆಯದು, ಬೆಟ್ಟದಿಂದ ಧುಮುಕಿದ ಮಾತಾಗಲಿ ಮಕ್ಕಳಿಲ್ಲದ ಕೊರಗಾಗಲಿ ಈ ಶಾಸನದಲ್ಲಿ ಎಲ್ಲಿಯೂ ಇಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷ್ಯವನ್ನು ಪರಿಗಣಿಸಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜೈನ ಗೃಹಸ್ಥರ ಆಚಾರವನ್ನು ನಿರೂಪಿಸುವ ಪ್ರಮಾಣಗ್ರಂಥ. ಪಾರಾಗಲಾಗದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದನ್ನು ಅದು ಸಲ್ಲೇಖನವೆಂದು ಕರೆಯುತ್ತದೆ. ಅದೇ ಗ್ರಂಥ ಗಿರಿಪಾತವನ್ನು, ಅಂದರೆ ಬೆಟ್ಟದಿಂದ ಬೀಳುವುದನ್ನು, ಅಗ್ನಿಪಾತದೊಡನೆ ಸೇರಿಸಿ ಲೋಕಮೂಢತೆ ಎಂದು ನಿರಾಕರಿಸುತ್ತದೆ. ಬಸದಿ ಕಟ್ಟಿಸಿದ ಶ್ರಾವಕಿಯೊಬ್ಬಳು ತನ್ನ ಧರ್ಮ ಮೂಢತೆಯೆಂದ ಮಾರ್ಗವನ್ನೇ ಹಿಡಿದಳೆಂದೂ, ಅದನ್ನು ಬೆಳಗೊಳದ ಶಾಸನ ಗೌರವದಿಂದ ಸ್ಮರಿಸಿತೆಂದೂ ನಂಬುವುದು ಕಷ್ಟ.

ಹಾಗೆಂದು ಐತಿಹ್ಯವನ್ನು ಸುಳ್ಳೆಂದು ಎಸೆಯಬೇಕಾಗಿಲ್ಲ. ಅದು ಹನ್ನೆರಡನೆಯ ಶತಮಾನಕ್ಕೆ ಸಾಕ್ಷಿಯಲ್ಲ. ಅದನ್ನು ಕಟ್ಟಿ ಹೇಳಿಕೊಂಡು ಬಂದ ಸಮಾಜಕ್ಕೆ ಸಾಕ್ಷಿ. ಸಂತಾನವಿಲ್ಲದ ಹೆಣ್ಣಿನ ಬಾಳಿಗೆ ಬೇರೆ ಮುಕ್ತಾಯವನ್ನು ಕಲ್ಪಿಸಲಾರದ ಒಂದು ಮನಸ್ಸು ಅದರಲ್ಲಿದೆ. ಬಸದಿ ಕಟ್ಟಿಸಿದ, ದಾನ ನೀಡಿದ, ಸವತಿಯರಿಗೆ ಮದಗಜದಂತಿದ್ದವಳೆಂದು ಬಿರುದಾಂತಳಾದ ರಾಣಿ ಆ ಕಥೆಯಲ್ಲಿ ಕೇವಲ ಬಂಜೆಯಾಗಿ ಉಳಿಯುತ್ತಾಳೆ.

ಅಧ್ಯಾಪಕನ ಪಾಲು

ಪಠ್ಯವನ್ನು ಅಧ್ಯಾಪಕರೇ ರೂಪಿಸಬಲ್ಲರೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಅಂಥದು. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಪ್ರಾಥಮಿಕ ಶಾಲಾ ಶಿಕ್ಷಕರು ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿಯನ್ನು ಕಟ್ಟಿದರು, ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು, ಮೌಲ್ಯಮಾಪನವನ್ನೂ ಏಣಿಯೊಳಗೇ ಇರಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿತು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳಿಗಾಗಿ ಕಟ್ಟಿದ್ದು ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಹಂಚಿಕೆಯಾದಾಗ, ಕಟ್ಟುವ ಸ್ವಾತಂತ್ರ್ಯ ಕಡಿಮೆಯಾಗಿ ಪಾಲಿಸುವ ಹೊಣೆ ಹೆಚ್ಚಾಯಿತೆಂಬುದನ್ನೂ ಮರೆಯಲಾಗದು.

ಇದೇ ಮಾದರಿಯನ್ನು ಪ್ರೌಢಶಾಲೆಯ ಚರಿತ್ರೆಗೆ ಅನ್ವಯಿಸಬಹುದು. ಹೊಯ್ಸಳರ ಪಾಠ ಕೆಲವೇ ಪುಟಗಳದ್ದು. ಅಧ್ಯಾಪಕ ತನ್ನ ಪಾಠಯೋಜನೆಯಲ್ಲಿ ಅದಕ್ಕೆ ಎರಡು ಅವಧಿಗಳನ್ನು ಸೇರಿಸಿಕೊಂಡರೆ ಸಾಕು. ಮೊದಲ ಅವಧಿಯಲ್ಲಿ ಶಾಸನದ ಸಾರವನ್ನು ಹೊಸಗನ್ನಡದಲ್ಲಿ ಕೊಟ್ಟು, ‘ಮುಡಿಪಿ’ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಿಸುವುದು. ಎರಡನೆಯದರಲ್ಲಿ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿ ತಂದ ಕಥೆಗಳನ್ನು ಅದರ ಪಕ್ಕದಲ್ಲಿರಿಸುವುದು. ಶಿವಗಂಗೆ ಬೆಟ್ಟ ಮೂಡಣದಿಂದ ಎತ್ತಿನಂತೆ, ಪಡುವಣದಿಂದ ಗಣಪತಿಯಂತೆ, ತೆಂಕಣದಿಂದ ಲಿಂಗದಂತೆ, ಬಡಗಣದಿಂದ ಹಾವಿನಂತೆ ಕಾಣುತ್ತದೆಂದು ಜನ ಹೇಳುತ್ತಾರೆ. ಆ ಸೀಮೆಯ ಮಕ್ಕಳಿಗೆ ಆಕರಭೇದವನ್ನು ವಿವರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

ಇಷ್ಟು ಮಾಡಿಯೂ ಪರೀಕ್ಷೆಯಲ್ಲಿ ‘ಶಾಂತಲೆ ಎಲ್ಲಿ ಮಡಿದಳು?’ ಎಂಬ ಒಂದು ಅಂಕದ ಪ್ರಶ್ನೆಯನ್ನಷ್ಟೇ ಕೇಳಿದರೆ ಕ್ಯಾಂಪ್‌ಬೆಲ್ ಕಂಡ ಶಾಲೆಗೇ ಮರಳಿದಂತೆ. ‘ಅವಳ ಮರಣದ ಬಗ್ಗೆ ಶಾಸನ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ?’ ಎಂಬ ಪ್ರಶ್ನೆ ಬೇರೆಯದೇ ಕಲಿಕೆಯನ್ನು ಅಳೆಯುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣ ವ್ಯಾಪಕ ಮತ್ತು ನಿರಂತರ ಮೌಲ್ಯಮಾಪನವನ್ನು ವಿಧಿಸಿದೆ. ಎಂಟನೆಯ ತರಗತಿಯವರೆಗೆ ಅನ್ವಯಿಸುವ ಆ ವಿಧಿಯ ಆಶಯ ಪ್ರೌಢಶಾಲೆಯ ರೂಪಣಾತ್ಮಕ ಮೌಲ್ಯಮಾಪನದಲ್ಲಿಯೂ ಇದೆ. ಅಲ್ಲಿ ಪ್ರಶ್ನೆ ಅಧ್ಯಾಪಕನ ಕೈಯಲ್ಲಿರುತ್ತದೆ. ಆ ಅವಕಾಶ ಬಹುಪಾಲು ಕಡೆ ದಾಖಲೆ ಭರ್ತಿಯಲ್ಲಿ ಕಳೆದುಹೋಗುತ್ತಿದೆ. ಅಧ್ಯಾಪಕರ ಮೇಲಿರುವ ಇತರ ಕೆಲಸಗಳ ಹೊರೆಯೂ ಅದಕ್ಕೆ ಕಾರಣ.

ಇದು ಕೇವಲ ಅಂಕಗಳ ಪ್ರಶ್ನೆಯೂ ಅಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮೀಕರಿಸಿ ತೀರ್ಪು ನೀಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಈ ವಿವಾದದಲ್ಲಿ ಒಬ್ಬ ಪ್ರಜೆ ಯಾವ ನಿಲುವನ್ನಾದರೂ ತಳೆಯಬಹುದು. ಆದರೆ ಶಾಂತಲೆ ಕೊರಗಿ ಬೆಟ್ಟದಿಂದ ಹಾರಿದಳೆಂದಷ್ಟೇ ಶಾಲೆಯಲ್ಲಿ ಕೇಳಿ ಬೆಳೆದವನಿಗೆ ಅಲ್ಲಿ ಚರ್ಚೆಗಿರುವ ಭೇದವಾದರೂ ಏನು ಎಂಬುದೇ ಹೊಳೆಯಲಾರದು. ಹಾರುವುದಕ್ಕೂ ವ್ರತಕ್ಕೂ ನಡುವೆ ಇರುವ ಅಂತರವನ್ನು ಅವನ ಪಠ್ಯ ಅವನಿಗೆ ಎಂದೂ ತೋರಿಸಿಲ್ಲ.

ಕಳೆದ ದಶಕದಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ ಕರ್ನಾಟಕದಲ್ಲಿ ಮತ್ತೆ ಮತ್ತೆ ವಿವಾದವಾಯಿತು. ಆ ವಾಗ್ವಾದಗಳಲ್ಲಿ ಹೆಚ್ಚಾಗಿ ಕೇಳಿಬಂದದ್ದು ಯಾವ ಪಾಠ ಒಳಗೆ, ಯಾವುದು ಹೊರಗೆ ಎಂಬುದು. ಪಾಠ ತರಗತಿಯಲ್ಲಿ ಏನಾಗುತ್ತದೆ, ಯಾವ ಪ್ರಶ್ನೆಯೊಂದಿಗೆ ಮುಗಿಯುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಮಗುವನ್ನು ಅಳೆಯುವ ಅಧಿಕಾರವನ್ನು ಅಧ್ಯಾಪಕನಿಗೆ ಕೊಟ್ಟಿದ್ದೇವೆ. ಪಠ್ಯವನ್ನು ಅಳೆದು ಹೇಳುವ ಅಧಿಕಾರವನ್ನು ಕೊಟ್ಟಿಲ್ಲ. ಇವೆರಡೂ ಒಂದೇ ಕೆಲಸದ ಎರಡು ಭಾಗಗಳು.

ಸಾಹಿತ್ಯದ ವಿದ್ಯಾರ್ಥಿಗಳಾದ ಓದುಗರಲ್ಲಿ ಅನೇಕರು ನಾಳೆ ಅಧ್ಯಾಪಕರಾಗುವವರು. ಹಳಗನ್ನಡವನ್ನೂ ಶಾಸನಭಾಷೆಯನ್ನೂ ಬಲ್ಲವರು ಅವರೇ. ರೈಸ್ 1868ರಲ್ಲಿ ಕಲ್ಪಿಸಿದ ಶಾಲೆಯನ್ನೂ 1889ರಲ್ಲಿ ಪ್ರಕಟಿಸಿದ ಶಾಸನವನ್ನೂ ಒಂದೇ ಕೋಣೆಗೆ ತರುವ ಕೆಲಸ ಉಳಿದಿದೆ. ಅದಕ್ಕೆ ಸರ್ಕಾರದ ಸುತ್ತೋಲೆ ಬೇಕಿಲ್ಲ. ತಮ್ಮ ಶಾಲೆ ಇರುವ ಹೋಬಳಿಯ ಶಾಸನಗಳನ್ನು ಆಯಾ ಸಂಪುಟದಲ್ಲಿ ಹುಡುಕಿ ಓದಿ, ಅವುಗಳಲ್ಲಿ ಒಂದನ್ನಾದರೂ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಟ್ಟರೆ ಆರಂಭವಾದಂತೆ.