ನೀರು ಕೊಲ್ಲುವ ಸರಪಳಿ, ನೀರೇ ಹುಟ್ಟಿಸುವ ಸರಪಳಿ

ಹಿರೇನಲ್ಲೂರು, ಕಡೂರು, ಬೀರೂರು ಎಲ್ಲೇ ಆಗಲಿ, ಬೈಕ್ ರಿಪೇರಿ ಮಾಡುವವರಿಗೆ ಒಂದು ಉಪಾಯ ಗೊತ್ತು. ಒಡೆದ ಪ್ಲಾಸ್ಟಿಕ್ ಕವಚದ ಬಿರುಕಿಗೆ ಫೆವಿಕ್ವಿಕ್ ಹನಿಸಿ, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸುವುದು. ಸಣ್ಣಗೆ ಹೊಗೆ ಏಳುತ್ತದೆ, ಮುಟ್ಟಿದರೆ ಬಿಸಿ, ಅಷ್ಟರಲ್ಲೇ ಅದು ಗಟ್ಟಿ. ಆ ಬಿರುಕಿನಲ್ಲಿ ನಡೆದದ್ದು ಋಣ ಅಯಾನು ಪಾಲಿಮರೀಕರಣ. ಹೋದ ಶತಮಾನದ ರಸಾಯನಶಾಸ್ತ್ರ ಅತ್ಯಂತ ಎಚ್ಚರದಿಂದ ಪಳಗಿಸಿದ ಕ್ರಿಯೆಗಳಲ್ಲಿ ಇದೂ ಒಂದು.

ಕ್ರಿಯೆಯ ತಿರುಳು ಸರಳ. ಸ್ಟೈರೀನ್‌ನಂಥ ವಿನೈಲ್ ಅಣುವಿನಲ್ಲಿ ಎರಡು ಇಂಗಾಲಗಳ ನಡುವೆ ಜೋಡಿ ಬಂಧವಿದೆ. ಋಣ ವಿದ್ಯುದಂಶದ ಕಣವೊಂದು ಅದಕ್ಕೆ ತಗಲಿದರೆ ಬಂಧ ಬಿಚ್ಚಿ, ಆ ವಿದ್ಯುದಂಶ ಅಣುವಿನ ಇನ್ನೊಂದು ತುದಿಗೆ ಸರಿಯುತ್ತದೆ. ಆ ತುದಿ ಮುಂದಿನ ಅಣುವನ್ನು ಹಿಡಿಯುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ಗಾಡಿಯ ಬಾಲಕ್ಕೆ ಬೋಗಿ ಸೇರಿಸಿದಂತೆ ಸರಪಳಿ ಒಂದೇ ತುದಿಯಲ್ಲಿ ಬೆಳೆಯುತ್ತದೆ.

ಆರಂಭ ರಬ್ಬರಿನ ಹಸಿವಿನಿಂದ. 1910ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮ್ಯಾಥ್ಯೂಸ್, ಜರ್ಮನಿಯಲ್ಲಿ ಹ್ಯಾರೀಸ್ ಸೋಡಿಯಂ ಲೋಹದಿಂದ ಐಸೊಪ್ರೀನನ್ನು ರಬ್ಬರಾಗಿಸಿದರು. ಬ್ಯುಟಡೈಯೀನ್ ಮತ್ತು ಸೋಡಿಯಂ (ಜರ್ಮನ್‌ನಲ್ಲಿ ನಾಟ್ರಿಯಂ) ಹೆಸರುಗಳಿಂದಲೇ 'ಬ್ಯೂನಾ' ಎಂಬ ಹೆಸರು ಹುಟ್ಟಿತು. ಸೋವಿಯತ್ ಒಕ್ಕೂಟದಲ್ಲಿ ಲೆಬೆದೆವ್ ಅವರ ವಿಧಾನ 1930ರ ದಶಕದ ಆರಂಭಕ್ಕೆ ಕಾರ್ಖಾನೆ ಮುಟ್ಟಿತು. ಅಣುಗಳು ಒಂದೊಂದಾಗಿ ಸೇರುತ್ತವೆ ಎಂಬುದನ್ನು ಆ ಹೊತ್ತಿಗೆ ಕಾರ್ಲ್ ಜೀಗ್ಲರ್ ತೋರಿಸಿದ್ದರು. ಆದರೂ ಸರಪಳಿಯ ಉದ್ದ ಯಾರ ಹತೋಟಿಗೂ ಸಿಕ್ಕಿರಲಿಲ್ಲ.

ಹತೋಟಿ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ. ಪೋಲೆಂಡಿನಲ್ಲಿ ಹುಟ್ಟಿದ ಮೈಕಲ್ ಶ್ವಾರ್ಟ್ಸ್ ತೇವ, ಗಾಳಿ ಎರಡನ್ನೂ ಹೊರಗಟ್ಟಿದ ಗಾಜಿನ ಪಾತ್ರೆಯಲ್ಲಿ ಸೋಡಿಯಂ ಮತ್ತು ನ್ಯಾಫ್ತಲೀನ್‌ಗಳ ಕಡುಹಸಿರು ದ್ರಾವಣಕ್ಕೆ ಸ್ಟೈರೀನ್ ಹಾಕಿದರು. ಹಸಿರು ಮಾಯವಾಗಿ ಕೆಂಪೇರಿತು. ಸ್ಟೈರೀನ್ ಪೂರ್ತಿ ಮುಗಿದ ಮೇಲೂ ಆ ಕೆಂಪು ಉಳಿಯಿತು. ಮತ್ತಷ್ಟು ಸ್ಟೈರೀನ್ ಹಾಕಿದರೆ ಸರಪಳಿಗಳು ನಿಂತಲ್ಲಿಂದಲೇ ಮುಂದೆ ಬೆಳೆದವು. ಶ್ವಾರ್ಟ್ಸ್ ಇವನ್ನು 'ಜೀವಂತ ಪಾಲಿಮರ್' ಎಂದು ಕರೆದರು. ಒಂದು ತೊಟ್ಟು ನೀರು ಬಿದ್ದರೆ ಸಾಕು, ಬಣ್ಣ ಹಾರಿ ಎಲ್ಲ ತುದಿಗಳೂ ಸತ್ತುಹೋಗುತ್ತವೆ.

ಈ ಪ್ರಯೋಗದ ದೊಡ್ಡ ಫಲ ಲೆಕ್ಕಾಚಾರ. ಕ್ರಿಯೆಯನ್ನು ಶುರುಮಾಡುವ ಬ್ಯುಟೈಲ್ ಲಿಥಿಯಂನ ಒಂದು ಅಣುವಿಗೆ ನೂರು ಸ್ಟೈರೀನ್ ಅಣು ಕೊಟ್ಟರೆ ಸರಪಳಿಗಳ ಸರಾಸರಿ ಉದ್ದ ನೂರು, ತೂಕ ಸುಮಾರು 10,400. ಹತ್ತೇ ಕೊಟ್ಟರೆ ಆಲಿಗೋಮರ್ ಎಂಬ ಗಿಡ್ಡ ಸರಪಳಿ. ಆಲ್ಫಾ ಮೀಥೈಲ್ ಸ್ಟೈರೀನ್ ಸೋಡಿಯಂ ಜೊತೆ ನಾಲ್ಕು ಕೊಂಡಿಗಳಿಗೇ ನಿಲ್ಲುವುದುಂಟು. ಹೆಚ್ಚುವರಿ ಮೀಥೈಲ್ ಗುಂಪಿನ ಇಕ್ಕಟ್ಟಿನಿಂದ ಕೊಂಡಿ ಬಿಚ್ಚಿಕೊಳ್ಳುವುದೂ ಸುಲಭ, ಹಾಗಾಗಿ ಸುಮಾರು 61 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉದ್ದ ಸರಪಳಿ ಕಟ್ಟುವುದೇ ಇಲ್ಲ.

ಜೀವಂತ ತುದಿಗೆ ಬೇರೆ ಜಾತಿಯ ಅಣುವನ್ನೂ ಪೋಣಿಸಬಹುದು. ಶ್ವಾರ್ಟ್ಸ್ ಬಳಿ ಕಲಿತ ಮಿಲ್ಕೊವಿಚ್ ಶೆಲ್ ಕಂಪನಿಯಲ್ಲಿ ಹೋಲ್ಡನ್ ಜೊತೆ ಸೇರಿ ಸ್ಟೈರೀನ್, ಬ್ಯುಟಡೈಯೀನ್, ಮತ್ತೆ ಸ್ಟೈರೀನ್ ಎಂಬ ಮೂರು ತುಂಡಿನ ಸರಪಳಿಗೆ ರೂಪ ಕೊಟ್ಟರು. ಅದು 1965ರಲ್ಲಿ ಕ್ರೇಟನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸ್ಟೈರೀನ್ ತುದಿಗಳು ಒತ್ತಟ್ಟಿಗೆ ಸೇರಿ ಗಂಟು ಕಟ್ಟುತ್ತವೆ, ನಡುವಿನ ರಬ್ಬರ್ ಎಳೆದಷ್ಟೂ ಎಳೆಯುತ್ತದೆ, ಕಾಯಿಸಿದರೆ ಗಂಟು ಸಡಿಲುತ್ತದೆ. ಚಪ್ಪಲಿಯ ಅಟ್ಟೆಯಲ್ಲಿ ಇದಿದೆ. ಡಾಂಬರಿಗೂ ಬೆರೆಸುತ್ತಾರೆ, ಅಂಥ ಡಾಂಬರಿಗೆ ಭಾರತೀಯ ಮಾನಕ ಬ್ಯೂರೊ 2004ರಲ್ಲೇ 15462ನೇ ಮಾನಕ ಹೊರಡಿಸಿದೆ. ಕಡೂರು, ತರೀಕೆರೆ ಮೇಲೆ ಹೊನ್ನಾವರಕ್ಕೆ ಹೋಗುವಂಥ ಲಾರಿ ದಾರಿಗಳಲ್ಲಿ ಬಿಸಿಲಿಗೆ ಡಾಂಬರು ಕರಗಿ ಗಾಲಿಯ ಗುಳಿ ಬೀಳುವುದನ್ನು ತಡೆಯಲು ಬೇಕಾದದ್ದು ಈ ಗುಣವೇ.

ಸರಪಳಿಯ ಕೊಂಡಿಗಳಾಗುವ ಬಿಡಿ ಅಣುಗಳು, ಅಂದರೆ ಮಾನೋಮರ್‌ಗಳು, ಎಲ್ಲವೂ ಸ್ಟೈರೀನಿನಷ್ಟು ಸೌಮ್ಯವಲ್ಲ. ಮೀಥೈಲ್ ಮೆಥಾಕ್ರಿಲೇಟ್‌ನಲ್ಲಿ ಬೆಳೆಯುವ ತುದಿ ಪಕ್ಕದ ಎಸ್ಟರ್ ಗುಂಪಿನ ಮೇಲೇ ಎರಗಿ ಹಾಳಾಗುತ್ತದೆ. ಬೆಲ್ಜಿಯಂನ ತೇಸಿಯೆ ತಂಡ ಲಿಥಿಯಂ ಕ್ಲೋರೈಡ್ ಬೆರೆಸಿ ಇದನ್ನು ಹದಕ್ಕೆ ತಂದಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಡಿ. ಬಾಸ್ಕರನ್ ಮತ್ತು ಎಸ್. ಶಿವರಾಂ 1997ರಲ್ಲಿ ಲಿಥಿಯಂ ಪರ್‌ಕ್ಲೋರೇಟ್ ಕೂಡ ಆ ಕೆಲಸ ಮಾಡುತ್ತದೆಂದು ತೋರಿಸಿದರು. ನಮ್ಮ ನೆಲದಲ್ಲೇ ನಡೆದ ಈ ಕೆಲಸ ಕಾಲೇಜಿನ ಪಾಠಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕು.

ಇನ್ನು ಫೆವಿಕ್ವಿಕ್‌ನಂಥ ಸಯನೊಅಕ್ರಿಲೇಟ್ ಅಂಟಿನ ಕಥೆ. ಕೊಡಾಕ್ ಕಂಪನಿಯ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಗಾಜಿಗಾಗಿ ಸಯನೊಅಕ್ರಿಲೇಟ್‌ಗಳನ್ನು ಪರೀಕ್ಷಿಸಿ, ಸಿಕ್ಕಿದ್ದಕ್ಕೆಲ್ಲ ಅಂಟುತ್ತವೆಂದು ಕೈಬಿಟ್ಟರು. 1951ರಲ್ಲಿ ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅಳತೆ ಮಾಡಲು ಹೋದಾಗ ಉಪಕರಣದ ಎರಡು ಪಟ್ಟಕಗಳೇ ಅಂಟಿಕೊಂಡವು. 1958ರಲ್ಲಿ ಅದು ಅಂಟಾಗಿ ಮಾರಾಟಕ್ಕೆ ಬಂತು. ಇಲ್ಲಿ ಸಯನೊ ಮತ್ತು ಎಸ್ಟರ್ ಗುಂಪುಗಳೆರಡೂ ಋಣ ವಿದ್ಯುದಂಶವನ್ನು ತಮ್ಮತ್ತ ಹಂಚಿಕೊಳ್ಳುವುದರಿಂದ ಬ್ಯುಟೈಲ್ ಲಿಥಿಯಂನಂಥ ಉಗ್ರ ಆರಂಭಕ ಬೇಕಿಲ್ಲ. ಸ್ಟೈರೀನ್ ಸರಪಳಿಯನ್ನು ಕೊಲ್ಲುವ ಅದೇ ನೀರು ಈ ಸರಪಳಿಯನ್ನು ಶುರುಮಾಡುತ್ತದೆ. ಸೋಡಾ ಕ್ಷಾರವಾದ್ದರಿಂದ ಇನ್ನೂ ಚುರುಕು. ಟ್ಯೂಬಿನೊಳಗೆ ಅಂಟು ದ್ರವವಾಗಿಯೇ ಉಳಿಯಲು ತುಸು ಆಮ್ಲ ಬೆರೆಸಿರುತ್ತಾರೆ. ಗಾಳಿಯ ತೇವ ಹೆಚ್ಚಿದ್ದರೆ ಅಂಟು ಬೇಗ ಕಟ್ಟುತ್ತದೆ, ಆದ್ದರಿಂದ ಮಲೆನಾಡ ಸೆರಗಿನ ತರೀಕೆರೆಯ ಮಳೆಗಾಲದಲ್ಲಿ ಕಟ್ಟುವಷ್ಟು ಚುರುಕಾಗಿ ಕಡೂರಿನ ಒಣ ಬೇಸಿಗೆಯಲ್ಲಿ ಕಟ್ಟದು. ಹತ್ತಿ ಬಟ್ಟೆಗೆ ಮಾತ್ರ ಇದನ್ನು ಸುರಿಯಬಾರದು, ಕ್ರಿಯೆ ರಭಸವಾಗಿ ಚರ್ಮ ಸುಡುವಷ್ಟು ಕಾಯುತ್ತದೆ.

ಈ ಕ್ಷೇತ್ರದ ಇತ್ತೀಚಿನ ಬೆಳವಣಿಗೆಯೊಂದು ಇದೇ ಅಂಟಿನದು. ಅಮೆರಿಕದ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಈಥೈಲ್ ಸಯನೊಅಕ್ರಿಲೇಟ್‌ನಿಂದ ಉದ್ದ ಸರಪಳಿಯ ಪ್ಲಾಸ್ಟಿಕ್ ಮಾಡಿದರು. ಅದನ್ನು 210 ಡಿಗ್ರಿಗೆ ಕಾಯಿಸಿದರೆ ಕೊಂಡಿಗಳು ಬಿಚ್ಚಿ, ಮೂಲ ಮಾನೋಮರಿನ ಬಹುಪಾಲು ಆವಿಯಾಗಿ ಮರಳಿ ಕೈಗೆ ಬರುತ್ತದೆ. ಅದರಿಂದ ಮತ್ತೆ ಹೊಸ ಪ್ಲಾಸ್ಟಿಕ್ ಕಟ್ಟಬಹುದು.