ಮೊಳೆ ಮಾರಿದರೆ ಅಕ್ಷರವೂ ಹೋಗುತ್ತೆ, ಸಾಫ್ಟ್‌ವೇರ್?

ಗದಗ-ಬೆಟಗೇರಿ ಅಂದ್ರೆ ನನಗೆ ಮೊದಲು ನೆನಪಾಗೋದು ಪ್ರಿಂಟಿಂಗ್ ಪ್ರೆಸ್ಸುಗಳು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು ಅಚ್ಚಿಗೆ ಇಲ್ಲಿಗೇ ಬರೋದನ್ನ ನೋಡುತ್ತ ಬೆಳೆದವನು ನಾನು. ಮೊಳೆ ಜೋಡಿಸುವ ಕಾಲದಲ್ಲಿ ಒಂದು ಪ್ರೆಸ್ ಮುಚ್ಚಿದರೆ ಯಂತ್ರದ ಜೊತೆ ಸೀಸದ ಅಕ್ಷರಗಳೂ ತೂಕದ ಲೆಕ್ಕದಲ್ಲಿ ಕೈಬದಲಾಗುತ್ತಿದ್ದವು. ಕೊಂಡವನಿಗೆ 'ಲೈಸೆನ್ಸ್ ಎಲ್ಲಿ' ಅಂತ ಯಾರೂ ಕೇಳಲಿಲ್ಲ.

ಆಮೇಲೆ ಡಿಟಿಪಿ ಬಂತು. ಮೊಳೆಯ ಜಾಗಕ್ಕೆ ವಿಂಡೋಸ್, ಪೇಜ್‌ಮೇಕರ್, ಶ್ರೀಲಿಪಿ ಬಂದವು. ಹಳೇ ಕಂಪ್ಯೂಟರ್ ಕೊಳ್ಳುವವರ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಒಂದೇ: "ಡಬ್ಬಿ ನಂದು ಅಂದಮ್ಯಾಲೆ ಅದರಾಗಿನ ಸಾಫ್ಟ್‌ವೇರೂ ನಂದ ಅಲ್ಲೇನ್ರೀ?"

ಪ್ರಶ್ನೆ ಹಳೇದು. 1908ರಲ್ಲಿ ಅಮೆರಿಕದ ಪ್ರಕಾಶಕರೊಬ್ಬರು 'ಒಂದು ಡಾಲರಿಗಿಂತ ಕಡಿಮೆಗೆ ಮಾರಬಾರದು' ಎಂದು ಪುಸ್ತಕದ ಮೇಲೇ ಅಚ್ಚು ಹಾಕಿದ್ದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಮ್ಮೆ ಮಾರಿದ ಪ್ರತಿಯ ಮರುಮಾರಾಟಕ್ಕೆ ನಿಮ್ಮ ಹಿಡಿತ ಇಲ್ಲ ಅಂದಿತು. ಭಾರತ ಸಾಫ್ಟ್‌ವೇರ್ ವಿಷಯದಲ್ಲಿ ಮೊದಲು ಉಲ್ಟಾ ಹೋಯ್ತು. 1994ರ ತಿದ್ದುಪಡಿ, ಪ್ರತಿ ಮುಂಚೆ ಮಾರಾಟವಾಗಿದ್ದರೂ ಮತ್ತೆ ಮಾರುವ ಹಕ್ಕು ಹಕ್ಕುದಾರನದೇ ಅಂದಿತು. 1999ರ ತಿದ್ದುಪಡಿ ಆ ಮಾತನ್ನೇ ತೆಗೆದುಹಾಕಿತು. 2021ರಲ್ಲಿ ಬೆಂಗಳೂರಿನ ಕಂಪನಿಯೊಂದರ ತೆರಿಗೆ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಈ ಬದಲಾವಣೆಯೂ ಚರ್ಚೆಯಾಯ್ತು.

ಹಾಗಾದ್ರೆ ಸೆಕೆಂಡ್‌ಹ್ಯಾಂಡ್ ಡಬ್ಬಿಯ ಸಾಫ್ಟ್‌ವೇರ್ ಬಳಸಬಹುದಾ? ಅದು ಯಾವ ಸಾಫ್ಟ್‌ವೇರ್ ಅನ್ನೋದರ ಮೇಲೆ ಹೋಗುತ್ತೆ.

ಕಂಪನಿಯೇ ಹಾಕಿಕೊಟ್ಟ ವಿಂಡೋಸಿನ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತೆ. ಯಂತ್ರದ ಜೊತೆ ಹೋಗಬಹುದು, ಬಿಚ್ಚಿ ಬೇರೆ ಯಂತ್ರಕ್ಕೆ ಹಾಕುವಂತಿಲ್ಲ. ಎಕ್ಸ್‌ಪಿ ಕಾಲದಲ್ಲಿ ಕ್ಯಾಬಿನೆಟ್ ಮೇಲಿನ ಸ್ಟಿಕ್ಕರೇ ಅದರ ಗುರುತು. ವಿಂಡೋಸ್ 8ರಿಂದ ಕೀ ಮದರ್‌ಬೋರ್ಡಿನ ಚಿಪ್ಪಿನೊಳಗೇ ಸೇರಿಕೊಂಡಿತು. ಜರ್ಮನಿಯ ನ್ಯಾಯಾಲಯ ಮಾತ್ರ 2000ದಲ್ಲೇ ಇಂಥ ಪ್ರತಿಯನ್ನು ಯಂತ್ರವಿಲ್ಲದೆ ಮಾರಲೂ ಬಿಟ್ಟಿತು.

ಶ್ರೀಲಿಪಿಯದು ಬೇರೆ ಕಥೆ. ಅದರ ಬೀಗ ಒಂದು ಡಾಂಗಲ್. ಡಬ್ಬಿ ಬಂದು ಡಾಂಗಲ್ ಬರಲಿಲ್ಲ ಅಂದ್ರೆ ಕೊಂಡದ್ದು ಬರೀ ಕಬ್ಬಿಣ. ಇನ್ನು ಯಾರೋ ಕಾಪಿ ಹೊಡೆದು ಹಾಕಿದ ಪೇಜ್‌ಮೇಕರ್ ಇದ್ದರೆ, ಡಬ್ಬಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಅದು ಅಸಲಿ ಆಗಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕಲ್ಲದೆ ಬಳಸಿದವನಿಗೆ ಜೈಲು ತಪ್ಪಿಸುವ ಅವಕಾಶ ಕೋರ್ಟಿಗಿದೆ. ಪ್ರೆಸ್ ನಡೆಸೋದು ವ್ಯಾಪಾರವೇ ಅಲ್ವಾ?

ಕಾನೂನಿನ ಇನ್ನೊಂದು ಮುಖವೂ ಇದೆ. ನ್ಯಾಯವಾಗಿ ಪ್ರತಿ ಹೊಂದಿದವನು ಅದು ಯಾವ ಕೆಲಸಕ್ಕೆ ಬಂದಿದೆಯೋ ಅದಕ್ಕೆ ಬೇಕಾದಷ್ಟು ನಕಲು ಮಾಡಿಕೊಳ್ಳಬಹುದು, ಬ್ಯಾಕಪ್ ಇಟ್ಟುಕೊಳ್ಳಬಹುದು ಅನ್ನುತ್ತೆ 52ನೇ ಕಲಮು. 'ನ್ಯಾಯವಾಗಿ' ಅನ್ನೋದಕ್ಕೆ ನಿಮ್ಮ ಕೈಲಿರೋ ಸಾಕ್ಷಿ ಬಿಲ್ಲು, ಸಿಡಿ, ಸ್ಟಿಕ್ಕರ್, ಡಾಂಗಲ್ ಅಷ್ಟೇ.

1998ರಲ್ಲಿ ಉಚಿತವಾಗಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ನಮ್ಮ ಕಡೆ ಅಷ್ಟು ಬೇಗ ಹಬ್ಬಿದ್ದಕ್ಕೆ ಭಾಷಾಪ್ರೇಮ ಒಂದೇ ಕಾರಣ ಅಂತ ನನಗನ್ನಿಸಲ್ಲ. ಮೊಳೆಯ ಕಾಲದ ನಿಶ್ಚಿಂತೆಯನ್ನ ಅವು ವಾಪಸ್ ತಂದವು. ಅಕ್ಷರ ಜೋಡಿಸುವವನು ಅಕ್ಷರ ತನ್ನದೋ ಅಲ್ಲವೋ ಅಂತ ಹೆದರಬೇಕಿರಲಿಲ್ಲ.